ಮರಕ್ಕೂ ಮಡಿಯೆ?

ಸೋದರ ಪತ್ರಿಕೆಯೊಂದರ ಸಂಗೀತ ಅಂಕಣಕಾರರು ಮತ್ತೆ ಗೋಳು ತೋಡಿಕೊಂಡಿದ್ದಾರೆ. ಬ್ರೆಜಿಲ್ ಬೀಟೆ ಸಿಗದಾಯಿತು, ಗಿಟಾರಿನ ನಾದವೂ ಹೋಯಿತು. ಈಗಿನದೆಲ್ಲ ಪ್ಲೈವುಡ್ಡು, ಕಾರ್ಬನ್ನು, ನೈಲಾನು ಅಂತೆ. ಇಷ್ಟು ದಿನ ಸುಮ್ಮನಿದ್ದೆವು. ಇನ್ನು ಸಾಧ್ಯವಿಲ್ಲ.

ಈ ಮಹನೀಯರು ಮಾತುಮಾತಿಗೆ ಸ್ಮರಿಸುವ ಆಂಟೋನಿಯೊ ದೆ ತೋರೆಸ್ ಮರಗೆಲಸ ಕಲಿತು ಬಂದ ಅಲ್ಮೇರಿಯಾದ ಮನುಷ್ಯ. ಇಂದಿನ ಕ್ಲಾಸಿಕಲ್ ಗಿಟಾರಿನ ಮೈಕಟ್ಟು, ಮೇಲ್ಹಲಗೆಯ ಅಡಿಯಲ್ಲಿ ಬೀಸಣಿಗೆಯಂತೆ ಹರಡಿದ ಪಟ್ಟಿಗಳು ನೆಲೆಗೊಂಡದ್ದು ಅವನ ಕೈಯಲ್ಲಿ. ಅದೇ ತೋರೆಸ್ 1862ರಲ್ಲಿ ಒಂದು ಗಿಟಾರ್ ಮಾಡಿದ. ಮೇಲ್ಹಲಗೆ ಸ್ಪ್ರೂಸ್ ಮರದ್ದು. ಬೆನ್ನು ಮತ್ತು ಪಕ್ಕ ಬರೀ ಕಾಗದದ ರಟ್ಟು! ನಾದ ನಿಂತಿರುವುದು ಮೇಲ್ಹಲಗೆಯನ್ನು ಎಷ್ಟು ತೆಳ್ಳಗೆ ಹೆರೆದು, ಒಳಗೆ ಹೇಗೆ ಪಟ್ಟಿ ಕಟ್ಟಿದ್ದೀರಿ ಎಂಬುದರ ಮೇಲೆ ಎಂದು ತೋರಿಸಲಿಕ್ಕೇ ಅದನ್ನು ಮಾಡಿದ್ದು. ಬಾರ್ಸಿಲೋನಾದ ಸಂಗೀತ ಮ್ಯೂಸಿಯಮ್ಮಿನಲ್ಲಿ ಅದು ಈಗಲೂ ಇದೆ.

ಇನ್ನು ನೈಲಾನು, ಕಾರ್ಬನ್ನುಗಳ ವಿಷಯ. ಎರಡನೇ ಮಹಾಯುದ್ಧದಲ್ಲಿ ಕರುಳಿನ ತಂತಿಗೆ ಬರ ಬಂದಾಗ ನ್ಯೂಯಾರ್ಕಿನ ಆಲ್ಬರ್ಟ್ ಆಗಸ್ಟೀನ್ ನೈಲಾನ್ ತಂತಿ ಮಾಡಿದರು. ಅದನ್ನು ಮೆಚ್ಚಿ ಏರಿಸಿಕೊಂಡವರು ಗಿಟಾರ್ ದಿಗ್ಗಜ ಸಾಕ್ಷಾತ್ ಸೆಗೋವಿಯಾ. ಆಸ್ಟ್ರೇಲಿಯಾದ ಗ್ರೆಗ್ ಸ್ಮಾಲ್‌ಮನ್ ಮೇಲ್ಹಲಗೆಯ ಅಡಿಗೆ ಬಾಲ್ಸಾ ಮರ, ಕಾರ್ಬನ್ ನಾರು ಸೇರಿಸಿ ಜಾಲರಿ ಕಟ್ಟಿದರು; ಬೆನ್ನಿಗೆ ಪದರ ಪದರ ಅಂಟಿಸಿದ ದಪ್ಪ ಹಲಗೆ. ಹೆಸರಾಂತ ಗಿಟಾರ್ ವಾದಕ ಜಾನ್ ವಿಲಿಯಮ್ಸ್ ವರ್ಷಗಟ್ಟಲೆ ನುಡಿಸಿದ್ದು ಆ ವಾದ್ಯವನ್ನೇ. ಅಂಕಣಕಾರರ ಕಿವಿ ಈ ಇಬ್ಬರು ವಾದಕರ ಕಿವಿಗಿಂತ ಸೂಕ್ಷ್ಮವೆಂದು ನಮಗೆ ಗೊತ್ತಿರಲಿಲ್ಲ.

ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ ಪರೀಕ್ಷೆಯೊಂದಿದೆ. ಆರು ಗಿಟಾರ್, ಒಬ್ಬನೇ ತಯಾರಕ, ಒಂದೇ ವಿನ್ಯಾಸ; ಬೆನ್ನು ಮತ್ತು ಪಕ್ಕದ ಮರ ಮಾತ್ರ ಬೇರೆ ಬೇರೆ. ಮಬ್ಬುಗತ್ತಲೆಯ ಕೋಣೆಯಲ್ಲಿ, ವೆಲ್ಡಿಂಗ್ ಕನ್ನಡಕ ಹಾಕಿಸಿ, 52 ಮಂದಿ ವಾದಕರ ಕೈಗೆ ಕೊಟ್ಟರು. ದುಬಾರಿ ಬ್ರೆಜಿಲ್ ಬೀಟೆಗೂ ಅಗ್ಗದ ಮರಕ್ಕೂ ಬಿದ್ದ ಅಂಕ ಹೆಚ್ಚುಕಡಿಮೆ ಒಂದೇ.

ಈ ಮಡಿಯ ಬೆಲೆ ತೆತ್ತದ್ದು ಕಾಡು. ಬ್ರೆಜಿಲ್ ಮರ ಸಿಗುವುದು ಕಷ್ಟವಾದಾಗ ಅಮೆರಿಕದ ಮಾರ್ಟಿನ್ ಕಂಪನಿ 1969ರಲ್ಲಿ ಭಾರತದ ಬೀಟೆಗೆ ಕೈ ಹಾಕಿತು. ಅಂದರೆ ನಮ್ಮ ಮಲೆನಾಡು, ಕೊಡಗುಗಳಲ್ಲೂ ಬೆಳೆಯುವ ಮರಕ್ಕೆ. 1992ರಲ್ಲಿ ಬ್ರೆಜಿಲ್ ಬೀಟೆಯ ಅಂತರರಾಷ್ಟ್ರೀಯ ವ್ಯಾಪಾರ ನಿಷೇಧವಾಯಿತು. 2017ರಲ್ಲಿ ಬೀಟೆಯ ಇಡೀ ಕುಲವೇ ನಿಯಂತ್ರಣದ ಪಟ್ಟಿಗೆ ಸೇರಿತು. ವಾದ್ಯ ತಯಾರಕರ ಒತ್ತಾಯದಿಂದ 2019ರಲ್ಲಿ, ಬ್ರೆಜಿಲ್ ಬೀಟೆಯವನ್ನು ಬಿಟ್ಟು, ಉಳಿದ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಕಾನೂನು ಕಲೆಯನ್ನು ಕೊಂದಿತೆಂದು ಅಳುವವರು ಈ ವಿನಾಯಿತಿಯ ಸುದ್ದಿ ಎತ್ತುವುದಿಲ್ಲ.

ನಮ್ಮ ಹಳೆಯ ತಕರಾರು ಇನ್ನೊಂದಿದೆ. ಕಛೇರಿಯ ವಿಮರ್ಶೆಯಲ್ಲಿ ಕಲಾವಿದರ ಶಾಲಿನ ಬಣ್ಣ ಬರುತ್ತದೆ, ಸನ್ಮಾನಿಸಿದ ಗಣ್ಯರ ಪಟ್ಟಿ ಬರುತ್ತದೆ. ವಾದ್ಯ ಮಾಡಿದವರ ಹೆಸರು ಬರುವುದಿಲ್ಲ. ಮರವನ್ನು ಹೊಗಳಿದರೆ ಮಾಡಿದವನನ್ನು ಮರೆಯುವುದು ಸುಲಭ. ಅದಕ್ಕೇ ಈ ಸಂಚಿಕೆಯ ಮುಖ್ಯ ವಿಷಯ ವಾದ್ಯ ತಯಾರಿಕೆ.

ಗಿಟಾರ್ ಕೊಳ್ಳಲು ಹೊರಟ ಓದುಗರಲ್ಲಿ ಒಂದು ಮನವಿ: ಮೇಲ್ಹಲಗೆ ಪ್ಲೈವುಡ್ಡೋ ಇಡೀ ಮರದ್ದೋ ಕೇಳಿ, ಯಾರು ಮಾಡಿದ್ದೆಂದು ಕೇಳಿ, ಕಣ್ಣು ಮುಚ್ಚಿ ನುಡಿಸಿ ನೋಡಿ. ಬೆನ್ನಿನ ಮರದ ಹೆಸರಿಗೆ ಹೆಚ್ಚಿನ ದುಡ್ಡು ಕೊಡಬೇಡಿ.