ನಕ್ಕವರು ಯಾರ ಪಕ್ಷ?

2007ರಲ್ಲಿ ಅಮೆರಿಕದಲ್ಲಿ ತೆರೆಕಂಡ ‘ನಾಕ್ಡ್ ಅಪ್’ ಚಿತ್ರವನ್ನು ಅಶ್ಲೀಲವೆಂದು ತಳ್ಳಿಹಾಕುವುದು ಸುಲಭ. ಹೊಲಸು ಮಾತಿಗೆ ಅಲ್ಲಿ ಕೊರತೆಯಿಲ್ಲ. ನನ್ನ ತಕರಾರು ಮಾತಿನ ಮೇಲಲ್ಲ, ನೋಡಿದವರ ನಗುವಿನ ಮೇಲೆ.

ಟಿವಿಯಲ್ಲಿ ಆಗಷ್ಟೇ ಬಡ್ತಿ ಪಡೆದ ಆಲಿಸನ್. ದುಡಿಮೆಯಿಲ್ಲದೆ ಗಾಂಜಾ ಸೇದಿಕೊಂಡಿರುವ ಬೆನ್. ಒಂದು ರಾತ್ರಿಯ ಪರಿಚಯ, ಬಸಿರು. ಅವನ ಸೋಮಾರಿತನಕ್ಕೆ ಪ್ರೇಕ್ಷಕರು ನಗುತ್ತಾರೆ. ಅವಳು ಸಿಟ್ಟಾದರೆ ಆಗಲೂ ಅವನ ಪರವಾಗಿಯೇ ನಗುತ್ತಾರೆ. ಕೊನೆಗೆ ಅವನೊಂದು ನೌಕರಿ ಹಿಡಿದು, ಮನೆ ಮಾಡಿ, ಬಸಿರಿನ ಪುಸ್ತಕ ಓದಿದ್ದಕ್ಕೆ ಶಭಾಷ್‌ಗಿರಿ! ಅವಳು ಒಂಬತ್ತು ತಿಂಗಳು ಹೊತ್ತದ್ದಕ್ಕೆ ಏನು ಸಿಕ್ಕಿತು?

ಮಗುವನ್ನು ಉಳಿಸಿಕೊಂಡಳೆಂದು ಕೆಲವರು ಮೆಚ್ಚಿದರು. ಗರ್ಭಪಾತದ ಮಾತನ್ನು ಬಾಯಿಬಿಟ್ಟು ಆಡಲಿಲ್ಲವೆಂದು ಕೆಲವರು ಮುನಿದರು. ಎರಡೂ ಕಡೆಯವರಿಗೆ ಬೇಕಾದದ್ದು ಅವಳ ಬಸಿರು, ಅವಳಲ್ಲ.

ನಾಯಕಿಯಾಗಿ ನಟಿಸಿದ ಕ್ಯಾಥರೀನ್ ಹೈಗಲ್ ‘ವ್ಯಾನಿಟಿ ಫೇರ್’ ಪತ್ರಿಕೆಗೆ ಬೇರೆಯೇ ಹೇಳಿದರು: ಚಿತ್ರ ಹೆಂಗಸರನ್ನು ನಗಲಾರದ ಜಗಳಗಂಟಿಯರೆಂದೂ ಗಂಡಸರನ್ನು ಮುದ್ದಾದ ಪೆದ್ದರೆಂದೂ ತೋರಿಸುತ್ತದೆ, ಇದು ಸ್ವಲ್ಪ ಲಿಂಗತಾರತಮ್ಯವೇ ಎಂದು. ಅಷ್ಟಕ್ಕೇ ಉಪಕಾರಗೇಡಿ ಎಂಬ ಪಟ್ಟ ಬಂತು, ವರ್ಷಗಟ್ಟಲೆ ಬಿಡಲಿಲ್ಲ. ಆಕೆ ಹೇಳಿದ್ದು ಸುಳ್ಳೇ ಎಂದು ಕೇಳಿದವರು ಎಷ್ಟು ಮಂದಿ?

ನಾನೂ ಮೊದಲ ಸಲ ನೋಡಿದಾಗ ಬೆನ್‌ನ ಜೊತೆಗೇ ನಕ್ಕವನು. ಪಕ್ಕದಲ್ಲಿ ಕೂತಿದ್ದ ಮಡದಿ ನಗಲಿಲ್ಲ. ಏಕೆಂದು ಕೇಳಬೇಕೆಂದೂ ನನಗೆ ಆಗ ಹೊಳೆಯಲಿಲ್ಲ.