ಗೋಡೆ ಕೆಡವುವ ಮುನ್ನ ಉಮ್ಮನನ್ನೂ ಕೇಳೋಣ

ಹಳೆ ಮನೆ ಕೊಂಡವರು, ಹಳೆ ಮನೆ ಪಾಲಿಗೆ ಬಂದವರು ಈಗ ನಮ್ಮಲ್ಲಿ ಬಹಳ ಮಂದಿ. ಕರಾವಳಿಯ ಹೆಂಚಿನ ಮನೆಯಿರಲಿ, ವ್ಯಾಪಾರಕ್ಕೆಂದು ಘಟ್ಟ ಹತ್ತಿ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಪೇಟೆಗಳಲ್ಲಿ ನೆಲೆ ನಿಂತ ನಮ್ಮವರು ಹಿಡಿದ ಹಳೆ ಬಂಗಲೆಯಿರಲಿ, ಮೇಸ್ತ್ರಿ ಬಂದ ದಿನ ಕೇಳಿ ಬರುವ ಮಾತು ಒಂದೇ: ‘ನಡುವಿನ ಗೋಡೆ ತೆಗೆದು ದೊಡ್ಡ ಹಾಲ್ ಮಾಡಿ, ಎದುರಿನ ಎಲಿವೇಷನ್ ಬದಲಾಯಿಸಿ.’ ಹಳೆ ಮನೆಯನ್ನು ಇಂದಿನ ಬದುಕಿಗೆ ಒಗ್ಗಿಸುವುದು ಒಳ್ಳೆಯ ಕೆಲಸವೇ. ಪೂರ್ತಿ ಕೆಡವಿ ಹೊಸದು ಕಟ್ಟುವುದಕ್ಕಿಂತ ಎಷ್ಟೋ ವಾಸಿ. ಆದರೆ ನಾವು ಕೆಲಸ ಶುರು ಮಾಡುವ ತುದಿಯೇ ತಪ್ಪು ಅಂತ ನಮಗನಿಸುತ್ತದೆ. ಶುರುವಾಗಬೇಕಾದ್ದು ಹಿಂದಿನ ಬಚ್ಚಲಿನಿಂದ, ಅಡುಗೆ ಕೋಣೆಯಿಂದ. ನಾವು ಶುರು ಮಾಡ್ತಿರುವುದು ರಸ್ತೆಗೆ ಕಾಣುವ ಗೋಡೆಯಿಂದ.

ಮೊದಲು ಮನೆಯನ್ನು ಅರ್ಥ ಮಾಡಿಕೊಳ್ಳೋಣ. ಮಧುಗಿರಿ ಉಪವಿಭಾಗದ ಈ ನಾಲ್ಕು ತಾಲೂಕು ಕಲ್ಲಿನ ಸೀಮೆ. ಮಧುಗಿರಿಯ ಕೋಟೆ ನಿಂತಿರುವುದೇ ಒಂದು ಏಕಶಿಲಾ ಬೆಟ್ಟದ ಮೇಲೆ. ಹೀಗಾಗಿ ಇಲ್ಲಿನ ಎಷ್ಟೋ ಹಳೆ ಮನೆಗಳಲ್ಲಿ ಮಣ್ಣಿನ ಇಲ್ಲವೇ ಕಲ್ಲಿನ ದಪ್ಪ ಗೋಡೆ, ಮೇಲೆ ಕಲ್ಲು ಚಪ್ಪಡಿ, ನಡುವೆ ಬೆಳಕಿಗೆ ತೊಟ್ಟಿ. ಕೋಣೆಗಳು ಉದ್ದಕ್ಕಿರುತ್ತವೆ, ಅಗಲ ಕಡಿಮೆ. ‘ಏನ್ರೀ, ರೈಲು ಡಬ್ಬಿ ಹಾಗಿದೆ’ ಅಂತ ನಾವು ನಗ್ತೇವೆ. ಕಟ್ಟಿದವರಿಗೆ ಲೆಕ್ಕ ಗೊತ್ತಿತ್ತು. ಚಪ್ಪಡಿ ಎಷ್ಟು ಉದ್ದವೋ ಕೋಣೆ ಅಷ್ಟೇ ಅಗಲ. ಚಪ್ಪಡಿಯ ಎರಡೂ ತುದಿ ಗೋಡೆಯ ಮೇಲೆ ಕೂತಿರಬೇಕು. ಕಾಂಕ್ರೀಟ್ ಕಂಬದ ಮನೆಯಲ್ಲಿ ನಡುವಿನ ಗೋಡೆ ಬರೀ ಪರದೆ. ಹಳೆ ಮನೆಯಲ್ಲಿ ಅದೇ ಕಂಬ. ಅದನ್ನು ತೆಗೆದರೆ ಎರಡು ಕಡೆಯ ಚಪ್ಪಡಿಗೂ ಆಧಾರ ಹೋಗುತ್ತದೆ. ಕಬ್ಬಿಣವಾದರೆ ಮೊದಲು ಬಾಗುತ್ತದೆ, ಎಚ್ಚರಿಕೆ ಕೊಡುತ್ತದೆ. ಕಲ್ಲು ಬಾಗುವುದಿಲ್ಲ, ಮುರಿಯುತ್ತದೆ. ಹಾಲ್ ದೊಡ್ಡದಾಗಲೇಬೇಕು ಅಂತಿದ್ದರೆ ಇಂಜಿನಿಯರನ್ನು ಕರೆಸಿ, ಮೊದಲು ಆನಿಕೆ ಕೊಟ್ಟು, ಉಕ್ಕಿನ ತೊಲೆ ಕೂರಿಸಿ, ಆಮೇಲೆ ಗೋಡೆಗೆ ಕೈ ಹಾಕಬೇಕು. ಆ ಖರ್ಚು ಬೇಡವೆನಿಸಿದರೆ ಗೋಡೆಯಲ್ಲಿ ಅಗಲದ ಬಾಗಿಲೊಂದನ್ನು, ಮೇಲೆ ಸರಿಯಾದ ಲಿಂಟಲ್ ಕೊಟ್ಟು, ತೆಗೆದರೂ ಎರಡು ಕೋಣೆ ಒಂದಾದ ಹಾಗೆ ಕಾಣುತ್ತದೆ.

ಇನ್ನು ತೊಟ್ಟಿ. ‘ಜಾಗ ವೇಸ್ಟ್’ ಅಂತ ಅದರ ಮೇಲೆ ಪ್ಲಾಸ್ಟಿಕ್ ಶೀಟ್ ಹೊದಿಸುವುದು ಈಗಿನ ರೂಢಿ. ನಾವು ಬಂದ ಊರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ. ಅಲ್ಲಿ ಮಾಡು ಇಳಿಜಾರಾಗಿರಬೇಕು, ಅಂಗಳಕ್ಕೂ ಚಪ್ಪರ ಬೇಕು. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ನಮ್ಮ ಕಡೆ ಹೆಂಚೇ ಮನೆಯ ಗುರುತಾಯಿತು. ಪಾವಗಡ, ಶಿರಾದ ಕಡೆ ಮಳೆ 600 ಮಿಲಿಮೀಟರಿನ ಆಸುಪಾಸು. ಇಲ್ಲಿನ ಶತ್ರು ಬಿಸಿಲು. ಪಾವಗಡದ ತಿರುಮಣಿ ಸುತ್ತ ಸುಮಾರು 13,000 ಎಕರೆಯಲ್ಲಿ 2,000 ಮೆಗಾವಾಟಿನ ಸೋಲಾರ್ ಪಾರ್ಕ್ ಸುಮ್ಮನೆ ಬಂದಿಲ್ಲವಲ್ಲ! ಅಂಥ ಬಿಸಿಲಿನಲ್ಲಿ ಒಳಗಿನ ಬಿಸಿಗಾಳಿ ಮೇಲೆ ಹೋಗುವ ದಾರಿಯೇ ತೊಟ್ಟಿ. ಅದನ್ನು ಶೀಟಿನಿಂದ ಮುಚ್ಚಿದರೆ ಮನೆ ಬೇಕರಿಯ ಭಟ್ಟಿಯಾಗುತ್ತದೆ, ಆಮೇಲೆ ಏಸಿ ಬೇಕಾಗುತ್ತದೆ, ಹಳೆ ವೈರಿಂಗ್ ಆ ಲೋಡ್ ತಡೆಯುವುದಿಲ್ಲ. ಕಳ್ಳರ ಭಯಕ್ಕೆ ಕಬ್ಬಿಣದ ಜಾಲರಿ, ಸೊಳ್ಳೆಗೆ ಬಲೆ, ಮಳೆಗೆ ನಾಲ್ಕೂ ಕಡೆ ಗಾಳಿಯಾಡುವಂತೆ ಎತ್ತರಿಸಿದ ಮಾಡು, ಇಷ್ಟು ಸಾಕು.

ಮಣ್ಣಿನ ಗೋಡೆಗೆ ಸಿಮೆಂಟ್ ಗಿಲಾಯಿ ಬಳಿಯುವುದೂ ಇಂಥದೇ ಅವಸರ. ಮಣ್ಣು, ಸುಣ್ಣದ ಗಾರೆ ತೇವ ಹೀರಿ ಹೊರಗೆ ಬಿಡುತ್ತವೆ. ಸಿಮೆಂಟ್ ಆ ದಾರಿ ಮುಚ್ಚುತ್ತದೆ. ಒಳಗೆ ಸಿಕ್ಕಿಕೊಂಡ ತೇವ ಕೆಲವೇ ವರ್ಷಗಳಲ್ಲಿ ಬಣ್ಣವನ್ನೂ ಗಿಲಾಯಿಯನ್ನೂ ಹೊಪ್ಪಳಿಕೆಯಾಗಿ ಉದುರಿಸುತ್ತದೆ. ಸುಣ್ಣದ ಕೆಲಸಕ್ಕೆ ದಿನ ಹೆಚ್ಚು ಬೇಕು. ಮಗಳ ನಿಕಾಹ್‌ಗೆ ಎರಡು ತಿಂಗಳಿರುವಾಗ ಕೆಲಸ ಶುರು ಮಾಡಿದರೆ ಯಾವ ಮೇಸ್ತ್ರಿಯೂ ಸುಣ್ಣ ಮುಟ್ಟುವುದಿಲ್ಲ.

ನೀರಿನ ಮಾತು ಬಂದರೆ, ಪಾವಗಡದ ಕೊಳವೆಬಾವಿ ನೀರಿನ ಫ್ಲೋರೈಡ್ ತೊಂದರೆ ಅಲ್ಲಿದ್ದವರಿಗೆ ಹೇಳಿಕೊಡಬೇಕಾಗಿಲ್ಲ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ಆದರೆ 1,000 ಚದರಡಿ ತಾರಸಿಯ ಮೇಲೆ 600 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 55,000 ಲೀಟರ್ ನೀರು. ಐದರಲ್ಲಿ ಒಂದು ಪಾಲು ಪೋಲಾದರೂ 44,000 ಲೀಟರ್ ಉಳಿಯುತ್ತದೆ. ನೆಲ ಅಗೆಯುವ ಹೊತ್ತಿಗೇ ತೊಟ್ಟಿಯ ಕೆಳಗೊಂದು ಸಂಪು, ಸೋಸಲು ಜಲ್ಲಿ-ಮರಳಿನ ಗುಂಡಿ ಮಾಡಿಸಿದರೆ ಮನೆಯವರ ಕುಡಿಯುವ ನೀರಿನ ದೊಡ್ಡ ಭಾರ ಇಳಿಯುತ್ತದೆ. ಎಲಿವೇಷನ್ನಿನ ಕಲ್ಲು ಅಂಟಿಸುವ ದುಡ್ಡಿನಲ್ಲಿ ಇದು ಆಗಬಹುದಾದ ಕೆಲಸ.

ಈಗ ಒಳಗಿನವರ ವಿಷಯ. ಹಳೆ ಮನೆಯ ಬಚ್ಚಲು, ಕಕ್ಕಸು ಹೆಚ್ಚಾಗಿ ಹಿತ್ತಲಲ್ಲಿ. ತಹಜ್ಜುದ್‌ಗೋ ಸುಬಹಿಗೋ ಏಳುವ ಉಮ್ಮ, ಬಾಪ ಕತ್ತಲೆಯಲ್ಲಿ ಎರಡು ಹೊಸ್ತಿಲು ದಾಟಿ, ಮೆಟ್ಟಿಲಿಳಿದು ಹೋಗಬೇಕು. ವಯಸ್ಸಾದ ಮೇಲೆ ಒಂದು ಸಲ ಜಾರಿ ಸೊಂಟದ ಮೂಳೆ ಮುರಿದರೆ ಮತ್ತೆ ಎದ್ದು ಓಡಾಡುವುದು ಎಷ್ಟು ಕಷ್ಟ ಅಂತ ಪ್ರತಿ ಮನೆಗೂ ಗೊತ್ತು. ಆದ್ದರಿಂದ ಮೊದಲ ದುಡ್ಡು ಅವರು ಮಲಗುವ ಕೋಣೆಗೆ ತಾಗಿದ ಬಚ್ಚಲಿಗೆ ಹೋಗಲಿ: ಗಾಲಿಕುರ್ಚಿ ಹೋಗುವಷ್ಟು, ಮೂರಡಿ ಅಗಲದ ಬಾಗಿಲು, ಹೊಸ್ತಿಲಿಲ್ಲದ ನೆಲ, ಜಾರದ ಟೈಲ್ಸ್, ಗೋಡೆಗೆ ಹಿಡಿಕೆ, ಕೂತು ವುಝೂ ಮಾಡಲು ಕಟ್ಟೆ ಮತ್ತು ನಲ್ಲಿ. ಕಮೋಡ್ ಕೂರಿಸುವ ದಿಕ್ಕನ್ನೂ ನಕ್ಷೆಯಲ್ಲೇ ಹೇಳಿಬಿಡಬೇಕು. ನಮ್ಮ ನಾಡಿನಿಂದ ಕಿಬ್ಲಾ ಪಶ್ಚಿಮಕ್ಕೆ, ತುಸು ಉತ್ತರಕ್ಕೆ ವಾಲಿ ಇದೆ. ಕಮೋಡನ್ನು ಉತ್ತರ-ದಕ್ಷಿಣವಾಗಿ ಕೂರಿಸಿದರೆ ಕಿಬ್ಲಾಕ್ಕೆ ಮುಖವೂ ಇಲ್ಲ, ಬೆನ್ನೂ ಇಲ್ಲ. ಮೇಸ್ತ್ರಿಗೆ ಇದು ಗೊತ್ತಿರುವುದಿಲ್ಲ. ಪೈಪ್ ಹಾಕಿದ ಮೇಲೆ ನೆನಪಾದರೆ ಟೈಲ್ಸ್ ಒಡೆಯಬೇಕಾಗುತ್ತದೆ.

ಓಪನ್ ಕಿಚನ್ ಬಗ್ಗೆಯೂ ಒಂದು ಮಾತು. ನಮ್ಮ ಮನೆಗೆ ನೆಂಟರು ಬರುವುದು ಹೇಳದೆ, ಕೇಳದೆ. ಹಾಲಿನಿಂದ ನೇರ ಅಡುಗೆಮನೆ ಕಂಡರೆ ಅಲ್ಲಿ ದಿನವಿಡೀ ನಿಲ್ಲುವ ಹೆಣ್ಣುಮಕ್ಕಳಿಗೆ ತಲೆ ಮೇಲಿನ ಬಟ್ಟೆ ಸರಿಮಾಡಿಕೊಳ್ಳುವುದೇ ಕೆಲಸ. ಸೂರಃ ನೂರ್‌ನಲ್ಲಿ ಬೇರೆಯವರ ಮನೆಗೆ ಅನುಮತಿ ಇಲ್ಲದೆ ಹೋಗಬೇಡಿ ಎಂಬ ಆಜ್ಞೆಯ ಜೊತೆಗೆ, ಮನೆಯೊಳಗಿನ ಮಕ್ಕಳೂ ದಿನದ ಮೂರು ಹೊತ್ತಿನಲ್ಲಿ ಕೇಳಿಯೇ ಒಳಬರಬೇಕು ಎಂಬ ಪಾಠವಿದೆ. ಮನೆಯೊಳಗೂ ಮರೆ ಬೇಕು ಅಂತ ಕಲಿಸಿದ ದೀನ್ ನಮ್ಮದು. ಹಳೆ ಮನೆಯ ಜಗಲಿ, ಪಡಸಾಲೆ, ನಡುಮನೆ ಎಂಬ ಮೂರು ಹಂತ ಆ ಮರೆಯನ್ನು ತಾನಾಗಿ ಕೊಡುತ್ತಿತ್ತು. ಅಡುಗೆಮನೆಗೆ ದೊಡ್ಡ ಕಿಟಕಿ, ಹೊಗೆಗೆ ಎಕ್ಸಾಸ್ಟ್ ಫ್ಯಾನ್, ಅಡುಗೆ ಮಾಡುವವರ ಎತ್ತರಕ್ಕೆ ತಕ್ಕ ಕಟ್ಟೆ, ತೊಟ್ಟಿಯ ಕಡೆಗೊಂದು ಬಾಗಿಲು ಇರಲಿ. ಬೇಕಿರುವುದು ಗಾಳಿ, ಬೆಳಕು. ಪ್ರದರ್ಶನ ಯಾರಿಗೆ ಬೇಕು?

ಎಲ್ಲಕ್ಕಿಂತ ಮುಖ್ಯವಾದದ್ದು ಪಾಲು. ಬಾಪ ತೀರಿಕೊಂಡ ಮೇಲೆ ಪಾಲು ಮಾಡದ ಮನೆಗೆ ಗಲ್ಫಿನಲ್ಲಿರುವ ಮಗ ದುಡ್ಡು ಸುರಿಯುತ್ತಾನೆ, ಊರಲ್ಲಿರುವವ ನಿಂತು ಕೆಲಸ ಮಾಡಿಸುತ್ತಾನೆ. ಹತ್ತು ವರ್ಷ ಕಳೆದು ತಂಗಿ ಪಾಲು ಕೇಳಿದಾಗ ‘ನಾನು ಹಾಕಿದ ದುಡ್ಡೆಷ್ಟು ಗೊತ್ತಾ?’ ಎಂಬ ಜಗಳ. ಲೆಕ್ಕ ನೋಡಿ: ಉಮ್ಮ, ಇಬ್ಬರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು, ಇಷ್ಟೇ ವಾರಸುದಾರರು ಇದ್ದರೆ, ಸಾಲ ತೀರಿದ ಮೇಲಿನ ಆಸ್ತಿಯ 48 ಭಾಗದಲ್ಲಿ ಉಮ್ಮನಿಗೆ 6, ಒಬ್ಬೊಬ್ಬ ಮಗನಿಗೆ 14, ಒಬ್ಬೊಬ್ಬ ಮಗಳಿಗೆ 7. ಅಂದರೆ 48ರಲ್ಲಿ 20 ಭಾಗ ಹೆಂಗಸರದ್ದು. ಶರೀಅತ್ ಕೊಟ್ಟ ಈ 20 ಭಾಗದ ಒಡತಿಯರಿಗೆ ನಕ್ಷೆ ಬರೆಯುವ ದಿನ ಮಾತ್ರ ಚಾ ತರುವ ಕೆಲಸ! ಮೊದಲು ಪಾಲಿನ ಲೆಕ್ಕ ಬರೆದಿಡಿ. ಯಾರ ದುಡ್ಡು ಯಾವ ಕೆಲಸಕ್ಕೆ, ಅದು ಸಾಲವೋ ದಾನವೋ ಎಂಬುದನ್ನೂ ಎಲ್ಲರ ಸಹಿ ಹಾಕಿಸಿ ಬರೆದಿಡಿ. ಕೊಡು-ಕೊಳ್ಳುವಿಕೆಯನ್ನು ಬರೆದಿಡಿ ಅಂತ ಕುರ್‌ಆನೇ ಹೇಳಿರುವಾಗ ಇದರಲ್ಲಿ ನಾಚಿಕೆ ಏನು?

ಬಡ್ಡಿ ಸಾಲ ಬೇಡ ಎನ್ನುವ ಮನೆಗಳಲ್ಲಿ ದುಡ್ಡು ಕಂತು ಕಂತಾಗಿಯೇ ಬರುತ್ತದೆ. ಕೆಲಸವೂ ಹಂತ ಹಂತವಾಗಿ ಆಗುತ್ತದೆ, ಎಷ್ಟೋ ಸಲ ನಡುವೆ ನಿಲ್ಲುತ್ತದೆ. ಅದಕ್ಕೇ ಯಾವುದು ಮೊದಲು ಎಂಬ ಪ್ರಶ್ನೆ ಇಷ್ಟು ದೊಡ್ಡದು. ಬಚ್ಚಲು, ಅಡುಗೆಮನೆ, ನೀರು, ವೈರಿಂಗ್ ಮುಗಿದು ದುಡ್ಡು ನಿಂತರೆ ಮನೆ ಬದುಕಲು ಯೋಗ್ಯ. ಎಲಿವೇಷನ್ ಮುಗಿದು ದುಡ್ಡು ನಿಂತರೆ ಉಮ್ಮ ಹಿತ್ತಲಿಗೇ ನಡೆಯಬೇಕು.

ಶಿರಾಕ್ಕೆ ಹೋದವರು 1651ರ ಮಲಿಕ್ ರಿಹಾನ್ ಗೋರಿಯನ್ನೂ, 1696ರ ಕಲ್ಲಿನ ಜುಮಾ ಮಸೀದಿಯನ್ನೂ ನೋಡಿರುತ್ತೀರಿ. ಬೆಂಗಳೂರು, ಶ್ರೀರಂಗಪಟ್ಟಣದ ಅರಮನೆಗಳಿಗೆ ಮಾದರಿಯಾಯಿತೆಂದು ಹೇಳುವ ದಿಲಾವರ್ ಖಾನನ ಅರಮನೆ ಅದೇ ಊರಿನಲ್ಲಿತ್ತು. ಅರಮನೆ ಇಂದಿಲ್ಲ, ಮಸೀದಿ ಇದೆ. ಜನ ಬಳಸುತ್ತಾ, ಸೋರಿದಾಗ ಸರಿಮಾಡುತ್ತಾ ಬಂದ ಕಟ್ಟಡ ಬಾಳುತ್ತದೆ. ನಮ್ಮ ಮನೆಗೂ ಇದೇ ಮಾತು. ಈ ಶುಕ್ರವಾರ ಜುಮಾ ಮುಗಿಸಿ ಊಟಕ್ಕೆ ಕೂತಾಗ, ಮೇಸ್ತ್ರಿಗೆ ಫೋನ್ ಮಾಡುವ ಮೊದಲು ಉಮ್ಮನನ್ನು, ಹೆಂಡತಿಯನ್ನು, ಮದುವೆಯಾಗಿ ಹೋದ ತಂಗಿಯನ್ನು ಒಂದು ಪ್ರಶ್ನೆ ಕೇಳಿ: ‘ಈ ಮನೆಯಲ್ಲಿ ನಿಮಗೆ ದಿನಾ ಕಷ್ಟ ಆಗುವ ಜಾಗ ಯಾವುದು?’ ಅವರು ತೋರಿಸಿದ ಜಾಗದಿಂದ ಕೆಲಸ ಶುರು ಮಾಡಿ.