ಹೆಂಚೋ, ಶೀಟೋ?
ಮಲೆನಾಡು, ಕರಾವಳಿಯಲ್ಲಿ ಈಗ ಹೆಂಚಿನ ಮಾಡು ಬಿಚ್ಚಿ ಶೀಟು ಹೊದಿಸುವವರು ಬಹಳ. ಮಂಗಗಳ ಹಾವಳಿ, ವರ್ಷವರ್ಷ ಹೆಂಚು ಕೈಯಾಡಿಸಲು ಸಿಗದ ಆಳು, ಕಾರಣಗಳು ಸುಳ್ಳಲ್ಲ. ಆದರೂ 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಕಾರ್ಖಾನೆ ಹಾಕಿ ಸುಡತೊಡಗಿದ ಈ ಹೆಂಚಿನ ತಂಪು ತಗಡಿಗೆಲ್ಲಿಂದ ಬರಬೇಕು? ಏಪ್ರಿಲ್ ಮಧ್ಯಾಹ್ನ ಶೀಟಿನಡಿ ಕೂತವರಿಗೆ, ಜುಲೈ ಮಳೆಯಲ್ಲಿ ಅದೇ ಶೀಟಿನಡಿ ಫೋನಿನಲ್ಲಿ ಮಾತಾಡಲು ಹೆಣಗಿದವರಿಗೆ ಹೆಚ್ಚು ಹೇಳಬೇಕಿಲ್ಲ. ಎಷ್ಟೋ ಮನೆಗಳಲ್ಲಿ ಹಾಳಾಗಿರುವುದು ಹೆಂಚಲ್ಲ, ಗೆದ್ದಲು ತಿಂದ ಪಕಾಸು, ರೀಪು. ಅವುಗಳ ಜಾಗಕ್ಕೆ ಕಬ್ಬಿಣದ ಪೈಪು ಕೂರಿಸಿ, ತುಕ್ಕು ಹಿಡಿಯದಂತೆ ಬಣ್ಣ ಬಳಿಸಿ. ಹಳೆ ಹೆಂಚನ್ನು ಬೆರಳಲ್ಲಿ ತಟ್ಟಿ ನೋಡಿ: ಠಣ್ ಎಂದರೆ ಮತ್ತೆ ಏರಿಸಬಹುದು, ಸದ್ದು ಮಂಕಾದರೆ ಬಿರುಕಿದೆ ಎಂದೇ ಲೆಕ್ಕ. ರೀಪಿನ ಅಂತರ ನಿಮ್ಮ ಹೆಂಚಿನ ಅಳತೆಗೇ ಇರಲಿ. ಕೆಲಸ ಮಾತ್ರ ಮೇ ತಿಂಗಳೊಳಗೆ ಮುಗಿಸಿಕೊಳ್ಳಿ.